ಕ್ಯಾಂಪಿನ ರೊಟ್ಟಿಗೆ ಯಾವ ಹಂಚು? ಪುಣೆ-ಮುಂಬೈ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಪಿಂಪ್ರಿ-ಚಿಂಚವಡದಲ್ಲಿ ಕೆಲಸ ಮಾಡುವ ಏಳೆಂಟು ಗೆಳೆಯರು. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಮಳೆಗಾಲ ಮುಗಿದ ಮೇಲೆ ಪವನಾ ಜಲಾಶಯದ ದಂಡೆಗೆ ಹೋಗಿ ಟೆಂಟ್ ಹಾಕುತ್ತೇವೆ. ನೂಡಲ್ಸ್ ತಿಂದು ತಿಂದು ಬೇಜಾರಾಗಿ, ಈ ಸಲ ಮನೆಯ ಬೀಡಿನ (ಎರಕದ ಕಬ್ಬಿಣದ) ಹಂಚು ಒಯ್ದು ಜೋಳದ ರೊಟ್ಟಿ ಮಾಡಿದೆವು. ನಡುವೆ ಕರಕಲು, ಅಂಚೆಲ್ಲ ಹಸಿ. ಬದಲಿಸಬೇಕಾದ್ದು ಹಂಚನ್ನೋ, ಒಲೆಯನ್ನೋ?

ಉತ್ತರ: ಮೊದಲು ಹಂಚಿನ ಕೆಳಗೆ ಬಗ್ಗಿ ನೋಡಿ. ಗ್ಯಾಸ್ ಕ್ಯಾನ್ ಮೇಲೆ ತಿರುಗಿಸಿ ಕೂರಿಸುವ ಸಣ್ಣ ಒಲೆಯ ಬರ್ನರ್ ಅಂಗೈಗಿಂತ ಚಿಕ್ಕದು. ಅದರ ಉರಿ ಹಂಚಿನ ನಡುವಿಗಷ್ಟೇ ತಾಗುತ್ತದೆ. ಉಳಿದ ಭಾಗಕ್ಕೆ ಬಿಸಿ ಲೋಹದೊಳಗಿಂದಲೇ ಹರಿದು ಹೋಗಬೇಕು. ಬೀಡು ಸೋಲುವುದು ಅಲ್ಲೇ. ಬಿಸಿ ಹರಡುವುದರಲ್ಲಿ ಅಲ್ಯುಮಿನಿಯಂಗೆ ಹೋಲಿಸಿದರೆ ಬೀಡೂ ಕಬ್ಬಿಣವೂ ಸುಮಾರು ಕಾಲು ಭಾಗ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಕಡೆ. ಬೀಡಿನ ಹಂಚು ಒಂದೇ ಸಮ ಕಾಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಗಲವಾದ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಮಾತ್ರ ಆ ಮಾತು ನಿಜ. ಬೀಡಿನ ನಿಜವಾದ ಗುಣವೇ ಬೇರೆ, ಕಾದ ಮೇಲೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ತಣ್ಣಗಿರುವ ಹಂಚಿನ ಮೇಲೆ ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿ, ಕ್ಯಾಂಪ್ ಒಲೆ ಮೇಲಿಟ್ಟು ಮಧ್ಯಮ ಉರಿ ಕೊಡಿ. ಸ್ವಲ್ಪ ಹೊತ್ತಿಗೆ ನಡುವೆ ಬಳೆಯಷ್ಟು ಜಾಗ ಕಂದುತ್ತದೆ, ಆಮೇಲೆ ಕಪ್ಪಾಗಿ ಹೊಗೆ ಬಿಡುತ್ತದೆ. ಅಂಚಿನ ಹಿಟ್ಟು ಬೆಳ್ಳಗೇ ಇರುತ್ತದೆ. ಕಂದಿದ ಆ ಜಾಗಕ್ಕಿಂತ ನಾಲ್ಕು ಬೆರಳು ಹೆಚ್ಚು ಅಗಲದ ಹಂಚಷ್ಟೇ ನಿಮ್ಮ ಒಲೆಗೆ ಲಾಯಕ್ಕು. ಅದಕ್ಕಿಂತ ದೊಡ್ಡದು ಸುಮ್ನೆ ಹೊರೆ.

ಬೆನ್ನ ಮೇಲೆ ಹೊತ್ತು ಗಡ (ಬೆಟ್ಟದ ಕೋಟೆ) ಹತ್ತುವವರಾದರೆ ದಪ್ಪ ಅಲ್ಯುಮಿನಿಯಂ ತವಾ ತೊಗೊಳ್ಳಿ ಅನ್ನುವುದು ನನ್ನ ಸಲಹೆ. 24 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪದ್ದು ಹಿಡಿ ಬಿಟ್ಟು ಅರ್ಧ ಕೆ.ಜಿ. ಬರುತ್ತದೆ. ಅದೇ ಅಗಲದ 3 ಮಿ.ಮೀ. ಕಬ್ಬಿಣದ್ದು ಒಂದು ಕೆ.ಜಿ.ಗೆ ತುಸು ಜಾಸ್ತಿ. ತುಳಶಿಬಾಗ್‌ನ ಪಾತ್ರೆ ಅಂಗಡಿಯಲ್ಲಿ ಕೇಳುವಾಗ ಗೇಜ್ ಲೆಕ್ಕ ಗೊತ್ತಿರಲಿ. ಸಂಖ್ಯೆ ಚಿಕ್ಕದಾದಷ್ಟೂ ತಗಡು ದಪ್ಪ. 8 ಗೇಜ್ ಅಂದರೆ ಸುಮಾರು 4 ಮಿ.ಮೀ., 10 ಗೇಜ್ ಅಂದರೆ 3 ಮಿ.ಮೀ. ಮೇಲೆ ಸ್ವಲ್ಪ. ಅಲ್ಯುಮಿನಿಯಂಗೆ ಒಂದು ಪಥ್ಯ ಇದೆ. ಖಾಲಿ ಇಟ್ಟು ಫುಲ್ ಉರಿ ಕೊಡಬಾರದು, ಗಾಳಿಗೆ ಕೆಂಪಗೆ ಹೊಳೆಯುವ ಕೆಂಡದ ಮೇಲೆ ಇಡಲೇಬಾರದು. ಅದು ಕರಗುವುದು 660 ಡಿಗ್ರಿಗೆ. ಒಳ್ಳೆ ಕೆಂಡ ಆ ಮಟ್ಟ ದಾಟುತ್ತದೆ.

ನಿಮ್ಮ ಹಾಗೆ ಪವನಾ ದಂಡೆಯವರೆಗೆ ಗಾಡಿಯಲ್ಲೇ ಹೋಗುವವರಿಗೆ ಭಾರದ ಚಿಂತೆ ಯಾಕೆ? 3 ಮಿ.ಮೀ. ಕಬ್ಬಿಣದ ತಗ್ಗು ಹಂಚು, ಅಗಲ ಬರ್ನರ್‌ನ ಒಲೆ, ಇಷ್ಟಿದ್ದರೆ ಸಾಕು. ಬೀಡಿನದನ್ನು ನೀರ್ ದೋಸೆಗೆ ಇಟ್ಟುಕೊಳ್ಳಿ. ಅದನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷವಾದರೂ ಕಾಯಿಸಬೇಕು, ನಡುನಡುವೆ ಜರುಗಿಸುತ್ತ ಇರಬೇಕು. ಕಾದ ಬೀಡಿನ ಮೇಲೆ ತಣ್ಣೀರು ಸುರಿದರೆ ಸೀಳು ಬಿಡಬಹುದು. ಕ್ಯಾಂಪಿನಲ್ಲಿ ತೊಳೆಯುವ ಅವಸರದಲ್ಲಿ ಇದು ಜಾಸ್ತಿ ಆಗುತ್ತದೆ. ನಾನ್‌ಸ್ಟಿಕ್ ಬೇಡ. ಆ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ರೊಟ್ಟಿಗೆ ಕಾಯಿಸುವ ಖಾಲಿ ಹಂಚು ಅಷ್ಟು ಬಿಸಿಯಾಗುವುದು ದೊಡ್ಡ ಮಾತೇನಲ್ಲ.

ಒಂದು ಎಚ್ಚರಿಕೆ. ಒಲೆಗಿಂತ ತುಂಬಾ ಅಗಲದ ಹಂಚು ಇಟ್ಟರೆ ಬಿಸಿ ಕೆಳಗೆ ತಿರುಗಿ ಗ್ಯಾಸ್ ಕ್ಯಾನಿಗೆ ಹೊಡೆಯುತ್ತದೆ. ಗಾಳಿ ತಡೆಯಲು ಸುತ್ತ ತಗಡು ಕಟ್ಟಿದರೆ ಇನ್ನೂ ಕೆಟ್ಟದ್ದು, ಕ್ಯಾನ್ ಸಿಡಿಯಬಹುದು. ಸೂಟ್‌ಕೇಸ್ ಥರದ ಚಪ್ಪಟೆ ಒಲೆಯಲ್ಲೂ ಅಷ್ಟೇ, ಕ್ಯಾನ್ ಇರುವ ಬದಿಯ ಮೇಲೆ ಹಂಚು ಚಾಚಬಾರದು. ಆಗಾಗ ಕ್ಯಾನ್ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದರೆ ತಕ್ಷಣ ಒಲೆ ಆರಿಸಿ. ನಿಮ್ಮ ಗುಂಪಿಗೆ ಪೈಪ್ ಇರುವ ಒಲೆ ವಾಸಿ. ಕ್ಯಾನ್ ದೂರ ಇರುತ್ತದೆ, ಬರ್ನರ್ ನೆಲಕ್ಕೆ ಕೂತು ಅಲ್ಲಾಡುವುದಿಲ್ಲ. ಚಳಿ ಅಂತ ಒಲೆಯನ್ನಾಗಲಿ ಇದ್ದಿಲ ಶೇಗಡಿಯನ್ನಾಗಲಿ ಟೆಂಟ್ ಒಳಗೆ ಒಯ್ಯಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ನಿದ್ದೆ ಬಂದಂತಾಗಿ ಜೀವವೇ ಹೋಗಬಹುದು.

ಪ್ರಶ್ನೆ: ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಪರಿಚಯದವರ ಫ್ಯಾಬ್ರಿಕೇಶನ್ ಶಾಪ್ ಇದೆ. ಹಂಚನ್ನು ಅಲ್ಲೇ ಮಾಡಿಸಬಹುದಾ? ಯಾವ ತಗಡು ಕೇಳಬೇಕು? ಊರಲ್ಲಿ ಟ್ರ್ಯಾಕ್ಟರ್ ಹ್ಯಾರೋದ ಹಳೆ ತಟ್ಟೆಯೂ ಬಿದ್ದಿದೆ. ಅದನ್ನು ಬಳಸಬಹುದಾ?

ಉತ್ತರ: ಧಾರಾಳವಾಗಿ ಮಾಡಿಸಿ. ಅಂಗಡಿ ಹಂಚಿಗಿಂತ ಚೆನ್ನಾಗಿರುತ್ತದೆ. ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಕಬ್ಬಿಣದ) ಪ್ಲೇಟ್ ಕೇಳಿ, ದಪ್ಪ 3 ಮಿ.ಮೀ. ಜಿ.ಐ. ತಗಡು ಮಾತ್ರ ಬೇಡವೇ ಬೇಡ. ಅದರ ಮೇಲೆ ಸತುವಿನ ಲೇಪ ಇರುತ್ತದೆ. ಜೋರು ಬಿಸಿಗೆ ಅದು ಹೊಗೆಯಾಗಿ ಮೇಲೆದ್ದರೆ, ಆ ಹೊಗೆ ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಹುಳಿಗೂ ಸತುವು ಕರಗುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯದು, ಎರಡಕ್ಕೂ ಅಂಟುತ್ತದೆ. ಮೇಲ್ಮೈ ನೋಡಬೇಕು. ಜಿ.ಐ. ತಗಡಿನ ಮೇಲೆ ಬೆಳ್ಳಿ ಬಣ್ಣದ, ಹೂವಿನ ಎಸಳು ಹರಡಿದಂಥ ಚಿತ್ತಾರ ಹೆಚ್ಚಾಗಿ ಕಾಣುತ್ತದೆ. ತುಂಡು ತಗಡು ಆರಿಸುವಾಗ ಅನುಮಾನ ಬಂದರೆ ಬಿಟ್ಟುಬಿಡಿ.

ಚಪ್ಪಟೆ ಕತ್ತರಿಸಿ ಹಾಗೇ ತರಬೇಡಿ. ಸಣ್ಣ ಉರಿಗೆ ನಡುವು ಮೊದಲು ಕಾದು ಹಿಗ್ಗುತ್ತದೆ, ತಣ್ಣಗಿರುವ ಅಂಚು ಜಾಗ ಕೊಡುವುದಿಲ್ಲ. ತಗಡು ಟಪ್ ಅಂತ ಉಬ್ಬುತ್ತದೆ. ಮೇಲಕ್ಕೆ ಉಬ್ಬಿದರೆ ಎಣ್ಣೆಯೆಲ್ಲ ಅಂಚಿಗೆ ಓಡುತ್ತದೆ. ಅದಕ್ಕೇ ನಡುವೆ 4–5 ಮಿ.ಮೀ. ತಗ್ಗು ಬರುವ ಹಾಗೆ ಬಡಿಸಿಕೊಳ್ಳಿ. ಮೊದಲೇ ತಗ್ಗಿದ್ದರೆ ಅದು ಕೆಳಗಿನ ಕಡೆಗೇ ಹಿಗ್ಗುತ್ತದೆ. ರೊಟ್ಟಿಗೆ ಈ ತಗ್ಗು ಅಡ್ಡಿಯಲ್ಲ, ದೋಸೆಗೂ ನಡೆಯುತ್ತದೆ. ಹಿಡಿಯನ್ನು ವೆಲ್ಡ್ ಮಾಡಿಸಲು ಹೋಗಬೇಡಿ. ವೆಲ್ಡಿಂಗ್ ಬಿಸಿಗೆ ಅಂಚು ಸೊಟ್ಟಗಾಗುತ್ತದೆ, ಚೀಲದಲ್ಲಿ ಹಿಡಿ ಎಲ್ಲದಕ್ಕೂ ಚುಚ್ಚುತ್ತದೆ. ಅಂಚಿನ ಹತ್ತಿರ ನೇತುಹಾಕಲು ಒಂದು ತೂತು, ಕೈಯಲ್ಲೊಂದು ಗಟ್ಟಿ ಇಕ್ಕಳ ಇದ್ದರೆ ಸಾಕು. ಅಂಚನ್ನು ಗ್ರೈಂಡ್ ಮಾಡಿಸುವುದು ಮರೆಯಬೇಡಿ. ಕತ್ತರಿಸಿದ ತಗಡು ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ.

ಮನೆಗೆ ತಂದ ಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಎಚ್.ಆರ್. (ಹಾಟ್ ರೋಲ್ಡ್, ಕಾಯಿಸಿ ಲಟ್ಟಿಸಿದ) ಪ್ಲೇಟ್ ಆದರೆ ಮೇಲೆ ನೀಲಿ-ಬೂದು ಬಣ್ಣದ ಗಟ್ಟಿ ಪೊರೆ ಇರುತ್ತದೆ. ಶಾಪಿನವರು ಸ್ಕೇಲ್ ಅನ್ನುತ್ತಾರೆ. ಅದರ ಮೇಲೆ ಎಣ್ಣೆ ಪಳಗಿಸಿದರೆ ಎರಡೂ ಸೇರಿ ಚಕ್ಕೆ ಚಕ್ಕೆಯಾಗಿ ಏಳುತ್ತವೆ. ಸೋಪಿನಿಂದ ಜಿಡ್ಡು ತೊಳೆದು, ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಳಿ ವಿನೆಗರ್ ಹಾಕಿ ರಾತ್ರಿಯಿಡೀ ಮುಳುಗಿಸಿಡಿ. ಸಣ್ಣ ಗುಳ್ಳೆ ಏಳುತ್ತವೆ, ನೀರು ಕಪ್ಪಾಗುತ್ತದೆ. ಬೆಳಿಗ್ಗೆ ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಪೊರೆ ಕಪ್ಪು ಮಸಿಯಾಗಿ ಬಿಟ್ಟು, ಒಳಗಿನ ಬೂದು-ಬಿಳಿ ಲೋಹ ಕಾಣುತ್ತದೆ. ಉಳಿದರೆ ಇನ್ನೊಂದು ರಾತ್ರಿ. ಈಗ ತಡ ಮಾಡಬಾರದು. ಬೆತ್ತಲೆ ಕಬ್ಬಿಣ ನೋಡನೋಡುತ್ತಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತೊಳೆದು ನೇರ ಒಲೆ ಮೇಲೆ ಒಣಗಿಸಿ, ಬೆಚ್ಚಗಿರುವಾಗಲೇ ಶೇಂಗಾ ಎಣ್ಣೆ ಸವರಿ. ಆಮೇಲೆ ಒಣ ಬಟ್ಟೆಯಿಂದ ಅದನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಹಚ್ಚಿಯೇ ಇಲ್ಲವೇನೋ ಅನ್ನಿಸಬೇಕು. ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ. ಹೀಗೆ ಮೂರ್ನಾಲ್ಕು ಸಲ ಮಾಡಿದರೆ ಕಂದು ಹೋಗಿ ಕಪ್ಪು ಬರುತ್ತದೆ. ಎಣ್ಣೆ ಜಾಸ್ತಿಯಾದರೆ ಅಂಟಂಟು ಪದರ ನಿಲ್ಲುತ್ತದೆ, ಮತ್ತೆ ಉಜ್ಜುವುದೇ ಗತಿ. ಅಗಸೆ ಎಣ್ಣೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ನೋಡಲು ಚಂದ, ಆದರೆ ಮುಂದೆ ಸಿಪ್ಪೆ ಏಳುತ್ತದೆ. ಶೇಂಗಾ ಎಣ್ಣೆಯೇ ಸಾಕು.

ಹ್ಯಾರೋ ತಟ್ಟೆಯೂ ಆಗುತ್ತದೆ. ಉತ್ತರ ಮೆಕ್ಸಿಕೋದಲ್ಲಿ ಇಂಥ ತಟ್ಟೆಯಲ್ಲಿ ಮಾಡುವ ಮಾಂಸದ ಅಡುಗೆಗೆ ಡಿಸ್ಕಾಡಾ ಅಂತಲೇ ಹೆಸರು. ಆದರೆ 20 ಇಂಚಿನದಾದರೆ 6–7 ಕೆ.ಜಿ. ತೂಗುತ್ತದೆ, ಗ್ಯಾಸ್ ಒಲೆಗೆ ಹೊಂದುವುದಿಲ್ಲ. ಮೂರು ಕಲ್ಲಿನ ಕಟ್ಟಿಗೆ ಒಲೆಯೇ ಬೇಕು. ನಡುವಿನ ತೂತಿಗೆ ಎಂ.ಎಸ್. ತುಂಡು ಕೂರಿಸಿ ಸುತ್ತಲೂ ಬಿರುಕಿಲ್ಲದ ಹಾಗೆ ವೆಲ್ಡ್ ಮಾಡಿಸಿ. ಹಳೆ ಪೇಂಟ್‌ನಲ್ಲಿ ಸೀಸ ಇರಬಹುದು, ಹಾಗಾಗಿ ಮನೆಯಲ್ಲಿ ಸುಡಬೇಡಿ. ಪೇಂಟ್ ರಿಮೂವರ್ ಹಚ್ಚಿ ಪೂರ್ತಿ ತೆಗೆಸಿ. ಊರಿನ ಹೊಲದಲ್ಲಿ ಸೀತನಿ ಊಟಕ್ಕೆ ಸೇರಿದಾಗ ಇದು ಬೆಸ್ಟ್. ಪುಣೆಯ ಫ್ಲ್ಯಾಟಿನಲ್ಲಿ ಇಡಲು ಜಾಗ ಎಲ್ಲಿ?

ಪ್ರಶ್ನೆ: ಡೊಂಬಿವಲಿಯಿಂದ ಕಸಾರಾ ಲೋಕಲ್ ಹಿಡಿದು ಹರಿಶ್ಚಂದ್ರಗಡಕ್ಕೆ ಹೋಗುತ್ತೇವೆ. ಸಣ್ಣ ಗ್ಯಾಸ್ ಕ್ಯಾನ್ ಚೀಲದಲ್ಲಿ ಇಟ್ಟುಕೊಳ್ಳಬಹುದಾ? ಇಲ್ಲದಿದ್ದರೆ ಮೇಲೆ ಕಟ್ಟಿಗೆ ಒಟ್ಟಿ ಅಡುಗೆ ಮಾಡಬಹುದಾ?

ಉತ್ತರ: ಎರಡೂ ಬೇಡ. ರೈಲಿನಲ್ಲಿ ಗ್ಯಾಸ್, ಸೀಮೆಎಣ್ಣೆ, ಪೆಟ್ರೋಲ್ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ 3 ವರ್ಷದವರೆಗೆ ಜೈಲು ಆಗಬಹುದು. ಕ್ಯಾನ್ ಚಿಕ್ಕದು ಅನ್ನುವ ವಾದ ನಡೆಯುವುದಿಲ್ಲ. ಇನ್ನು ಹರಿಶ್ಚಂದ್ರಗಡ ಇರುವುದು ಕಳಸೂಬಾಯಿ-ಹರಿಶ್ಚಂದ್ರಗಡ ವನ್ಯಜೀವಿಧಾಮದಲ್ಲಿ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅದರೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಸುಮ್ನೆ ಬುಡದ ಹಳ್ಳಿಯವರಿಗೆ ಮೊದಲೇ ಹೇಳಿ, ಪಿಠಲ-ಭಾಕ್ರಿ ಮಾಡಿಸಿಕೊಂಡು ಉಣ್ಣಿ. ನಾಲ್ಕು ದುಡ್ಡು ಅವರ ಕೈಗೂ ಹೋಗುತ್ತದೆ. ತಿಂದ ತಟ್ಟೆಯನ್ನು ಗಡದ ಟಾಕೆಯಲ್ಲಿ (ಕಲ್ಲಿನಲ್ಲಿ ಕೊರೆದ ನೀರಿನ ತೊಟ್ಟಿಯಲ್ಲಿ) ಅದ್ದಬೇಡಿ. ಅದೇ ನೀರನ್ನು ಹಿಂದೆ ಬರುವವರು ಕುಡಿಯುತ್ತಾರೆ. ಮಗ್ಗಿನಲ್ಲಿ ನೀರು ತೆಗೆದು ದೂರ ಹೋಗಿ ತೊಳೆಯಿರಿ.

ಪ್ರಶ್ನೆ: ಅಲ್ಯುಮಿನಿಯಂ ಕ್ಯಾಂಪ್ ಸೆಟ್‌ನಲ್ಲಿ ಕೋಕಂ ಸಾರು ಮಾಡಿದರೆ ಪಾತ್ರೆ ಮಂಕಾಗಿ ಲೋಹದ ರುಚಿ ಬರುತ್ತಿದೆ. ಪುಣೆಯ ತಾಂಬಟ್ ಆಳಿಯಿಂದ ಕಲಾಯಿ ಹಾಕಿದ ತಾಮ್ರದ ಪಾತ್ರೆ ತರೋಣ ಅಂದುಕೊಂಡಿದ್ದೇವೆ. ಸರಿಯಾ?

ಉತ್ತರ: ಕೋಕಂ, ಹುಣಸೆ, ಟೊಮೆಟೊ ಹುಳಿ ಬರೀ ಅಲ್ಯುಮಿನಿಯಂನ ಮೇಲ್ಪದರವನ್ನು ತಿನ್ನುತ್ತದೆ. ಮೇಲ್ಮೈಯನ್ನು ಗಟ್ಟಿ ಪದರವಾಗಿಸಿದ ಹಾರ್ಡ್ ಅನೊಡೈಸ್ಡ್ ಅಲ್ಯುಮಿನಿಯಂ ಆದರೆ ತಡೆಯುತ್ತದೆ. ತಾಂಬಟ್ ಆಳಿಯ ಕೈಕೆಲಸ ಚಂದವೇ, ಮನೆಗೆ ಖಂಡಿತ ತೊಗೊಳ್ಳಿ. ಕ್ಯಾಂಪಿಗೆ ಮಾತ್ರ ಬೇಡ. ತಾಮ್ರ ಕಬ್ಬಿಣಕ್ಕಿಂತಲೂ ಭಾರ. ಕಲಾಯಿಯ ತವರ ಕರಗುವುದು 232 ಡಿಗ್ರಿಗೆ. ಜೋರು ಉರಿ ಮೇಲೆ ಒಮ್ಮೆ ಖಾಲಿ ಕಾದರೂ ಕಲಾಯಿ ಹೋಯಿತು, ಆಮೇಲೆ ಹುಳಿಗೆ ನೇರ ತಾಮ್ರ ಸಿಗುತ್ತದೆ. ಸಾರಿಗೆ ತೆಳು ಸ್ಟೀಲ್ ಬೋಗುಣಿಯೇ ಒಳ್ಳೆಯದು. ಸಾರಿನಲ್ಲಿ ನೀರೇ ಬಿಸಿ ಹರಡುತ್ತದೆ, ಸ್ಟೀಲ್ ಬಿಸಿ ಹರಡದಿದ್ದರೂ ಅಡ್ಡಿಯಿಲ್ಲ. ನಿಮ್ಮ ಅಲ್ಯುಮಿನಿಯಂ ಸೆಟ್‌ನಲ್ಲಿ ಅನ್ನ, ಚಹಾ ಮಾಡಿ. ಕೋಕಮನ್ನು ಸ್ಟೀಲ್ ಡಬ್ಬಿಯಲ್ಲಿ ಬೇರೆಯಾಗಿ ನೆನೆಸಿ, ಸಾರು ಇಳಿಸಿದ ಮೇಲೆ ಬೆರೆಸಿದರೂ ನಡೆಯುತ್ತದೆ.