‘ಲಾಸೂಟ್ ಗಿಟಾರ್’ ಅಂದ ಮಾತ್ರಕ್ಕೆ ದುಪ್ಪಟ್ಟು ದುಡ್ಡು ಕೊಡಬೇಕಾ?

ನೀವು ಕೇಳಿರೋದು ಇಷ್ಟು: 1974ರ, ಜಪಾನಿನ ಐಬನೆಜ್ ಬ್ರ್ಯಾಂಡ್‌ನ ಗಿಟಾರೊಂದು ಮಾರಾಟಕ್ಕಿದೆ, ನೋಡೋಕೆ ಥೇಟ್ ಅಮೆರಿಕದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾಡೆಲ್. ‘ಇದು ಲಾಸೂಟ್ (ಅಂದ್ರೆ ಕೋರ್ಟ್ ದಾವೆಯ) ಗಿಟಾರ್, ಗಿಬ್ಸನ್‌ನವರು ಕೇಸ್ ಹಾಕಿ ನಿಲ್ಲಿಸಿದ ಮಾಡೆಲ್’ ಅಂತ ದುಪ್ಪಟ್ಟು ಬೆಲೆ ಹೇಳ್ತಿದ್ದಾರೆ, ಕೊಡಬಹುದಾ? ಆಕಾರ ನಕಲು ಮಾಡಿದರೆ ಕೇಸಾಗುತ್ತೆ ಅನ್ನೋದಾದರೆ ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ (ಸ್ಟ್ರಾಟ್) ಆಕಾರದ ಗಿಟಾರನ್ನ ಕಂಡಕಂಡವರೆಲ್ಲ ಹೇಗೆ ಮಾಡ್ತಾರೆ?

ಕೇಸ್ ಆಗಿದ್ದು ನಿಜ. ಆದರೆ ಜಗಳ ಇದ್ದದ್ದು ಗಿಟಾರಿನ ತಲೆಗೆ, ಮೈಗಲ್ಲ. ಗಿಬ್ಸನ್ ಹೆಡ್‌ಸ್ಟಾಕ್‌ನ, ಅಂದ್ರೆ ತಂತಿ ಬಿಗಿಯೋ ಕೀಲಿಗಳಿರೋ ಆ ತಲೆಯ, ಮೇಲ್ತುದಿ ನೋಡಿ: ಬಿಚ್ಚಿಟ್ಟ ಪುಸ್ತಕದ ಹಾಗೆ ಎರಡೂ ಕಡೆ ಉಬ್ಬಿ ನಡುವೆ ತಗ್ಗಿರುತ್ತೆ. ಅದನ್ನ ನಕಲು ಮಾಡಿದ್ದಾರೆ ಅಂತ, ಆಗ ಗಿಬ್ಸನ್‌ನ ಒಡೆತನದಲ್ಲಿಟ್ಟುಕೊಂಡಿದ್ದ ನಾರ್ಲಿನ್ ಕಂಪನಿ, ಐಬನೆಜ್ ಮಾರುತ್ತಿದ್ದ ಅಮೆರಿಕದ ಎಲ್ಗರ್ ಕಂಪನಿ ಮೇಲೆ 1977ರ ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ದಾವೆ ಹೂಡಿತು. ತಮಾಷೆ ಅಂದ್ರೆ ಅಷ್ಟೊತ್ತಿಗೆ ಐಬನೆಜ್‌ನವರು ತಲೆಯ ಆಕಾರ ಬದಲಾಯಿಸಿಯೂ ಆಗಿತ್ತು! 1978ರಲ್ಲಿ ರಾಜಿಯಾಯ್ತು. ನಿಮ್ಮ ಗಿಟಾರ್ ದಾವೆಗಿಂತ ಮೂರು ವರ್ಷ ಹಿಂದಿನದು. ಈಗಂತೂ ಕೋರ್ಟಿನ ಮುಖವನ್ನೇ ನೋಡದ ಬ್ರ್ಯಾಂಡ್‌ಗಳ ನಕಲಿಗೂ ಅದೇ ಬಿರುದು ಅಂಟಿಸಿ ಮಾರ್ತಾರೆ.

ಮೈಯ ಆಕಾರದ ಜಗಳ ಶುರುವಾಗಿದ್ದು ಆಮೇಲೆ. ಲೆಸ್ ಪಾಲ್ ಮೈಯನ್ನ ಹೋಲುವ ‘ಸಿಂಗಲ್‌ಕಟ್’ ಮಾಡೆಲ್‌ಗಾಗಿ ಪಿಆರ್‌ಎಸ್ ಗಿಟಾರ್ ಕಂಪನಿಯ ಮೇಲೆ ಗಿಬ್ಸನ್ 2000ದಲ್ಲಿ ಕೇಸ್ ಹಾಕಿತು. ಕೆಳಗಿನ ಕೋರ್ಟಲ್ಲಿ ಗೆದ್ದಿತು, ಪಿಆರ್‌ಎಸ್ ಆ ಮಾಡೆಲ್ ನಿಲ್ಲಿಸಬೇಕಾಯ್ತು. 2005ರಲ್ಲಿ ಮೇಲ್ಮನವಿ ಕೋರ್ಟು ಎಲ್ಲಾ ತಿರುಗಿಸಿಹಾಕಿತು. ಅಂಗಡಿಯಲ್ಲಿ ಕೈಗೆತ್ತಿಕೊಂಡು ಕೊಳ್ಳುವವನಿಗೆ ಗೊಂದಲ ಆಗಲ್ಲ ಅಂತ ಗಿಬ್ಸನ್‌ನವರೇ ಒಪ್ಪಿಕೊಂಡಿದ್ದರು. ಉಳಿದ ವಾದ ಏನು ಗೊತ್ತಾ? ಹೊಗೆ ತುಂಬಿದ ಬಾರ್‌ನಲ್ಲಿ ದೂರದ ಸ್ಟೇಜ್ ಮೇಲೆ ನೋಡಿದವನು ಇದನ್ನ ಗಿಬ್ಸನ್ ಅಂದ್ಕೊಳ್ಳಬಹುದಂತೆ. ಕೋರ್ಟು ಒಪ್ಪಲಿಲ್ಲ, ಅಷ್ಟು ದೂರದಿಂದ ಯಾವ ಗಿಟಾರ್ ತಾನೇ ಇನ್ನೊಂದರ ಹಾಗೆ ಕಾಣಲ್ಲ?

ಸ್ಟ್ರಾಟ್ ಬಂದಿದ್ದು 1954ರಲ್ಲಿ. ದಶಕಗಟ್ಟಲೆ ಬೇರೆಯವರು ಅದೇ ಮೈಯ ಗಿಟಾರ್ ಮಾಡಿ ಮಾರಿದ ಮೇಲೆ ಆ ಆಕಾರವನ್ನ ಟ್ರೇಡ್‌ಮಾರ್ಕ್ ಮಾಡಿಸೋಕೆ ಫೆಂಡರ್ ಹೊರಟಿತು. ಇದು ಒಬ್ಬರ ಗುರುತಾಗಿ ಉಳಿದಿಲ್ಲ ಅಂತ 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಅರ್ಜಿ ತಳ್ಳಿಹಾಕಿತು. ತಲೆಯ ಆಕಾರ ಮಾತ್ರ ಫೆಂಡರ್‌ದೇ. ಅದಕ್ಕೇ ಅಗ್ಗದ ಸ್ಟ್ರಾಟ್ ನಕಲುಗಳ ಮೈ ಹಾಗೇ ಇದ್ದು, ತಲೆ ಮಾತ್ರ ಎಲ್ಲೋ ಸೊಟ್ಟಗಿರುತ್ತೆ.

ಹಾಗಂತ ಜಗಳ ಅಲ್ಲಿಗೇ ಮುಗಿಯಲಿಲ್ಲ. ಫ್ಲೈಯಿಂಗ್ ವಿ, ಎಕ್ಸ್‌ಪ್ಲೋರರ್ ಮುಂತಾದ ತನ್ನ ಮಾಡೆಲ್‌ಗಳ ಆಕಾರಗಳಿಗಾಗಿ ಡೀನ್ ಗಿಟಾರ್‌ನವರ ಮೇಲೆ ಹಾಕಿದ ಕೇಸನ್ನ ಗಿಬ್ಸನ್ 2022ರಲ್ಲಿ ಟೆಕ್ಸಸ್‌ನಲ್ಲಿ ಬಹುಪಾಲು ಗೆದ್ದಿತು. 2024ರಲ್ಲಿ ಮೇಲಿನ ಕೋರ್ಟು ಅದನ್ನ ರದ್ದುಮಾಡಿ ಮತ್ತೆ ವಿಚಾರಣೆಗೆ ಕಳಿಸಿತು. ಬೇರೆಯವರು ದಶಕಗಳಿಂದ ಅದೇ ಆಕಾರ ಮಾಡ್ತಿದ್ದರು ಅನ್ನೋ ಸಾಕ್ಷ್ಯವನ್ನ ಜ್ಯೂರಿಗೆ ತೋರಿಸಿಯೇ ಇರಲಿಲ್ಲ ಅನ್ನೋದು ಕಾರಣ.

ಇನ್ನು ನಿಮ್ಮ ಗಿಟಾರ್. ನನ್ನ ಹತ್ರಾನೂ ಆ ಕಾಲದ ಜಪಾನ್ ನಕಲೊಂದಿದೆ. ಬೆನ್ನು ತಿರುಗಿಸಿದರೆ ನೆಕ್ (ಬೆರಳಿಟ್ಟು ನುಡಿಸೋ ಉದ್ದನೆಯ ಕತ್ತು) ಮೈಗೆ ಸೇರುವಲ್ಲಿ ನಾಲ್ಕು ಸ್ಕ್ರೂ ಹೊಡೆದ ಪ್ಲೇಟ್. ಅಸಲಿ ಲೆಸ್ ಪಾಲ್‌ನಲ್ಲಾದರೆ ನೆಕ್ಕನ್ನ ಅಂಟು ಹಾಕಿ ಕೂರಿಸಿರ್ತಾರೆ. ನುಡಿಸೋಕೆ ಚೆನ್ನಾಗೇ ಇದೆ, ಪ್ರೀತಿಯ ಗಿಟಾರೇ. ನೀವೂ ಮೊದಲು ಬೆನ್ನು ನೋಡಿ, ನೆಕ್ ಬಾಗಿದೆಯಾ, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಸವೆದಿದೆಯಾ, ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡೋ ಒಳಗಿನ ಕಂಬಿ) ಇನ್ನೂ ತಿರುಗುತ್ತಾ ಅಂತ ಪರೀಕ್ಷೆ ಮಾಡಿ. ಎಲ್ಲಾ ಸರಿಯಿದ್ದರೆ ಅಂಥ ಹಳೇ ಗಿಟಾರಿಗೆ ನಡೆಯೋ ಬೆಲೆ ಕೊಡಿ. ‘ಲಾಸೂಟ್’ ಹೆಸರಲ್ಲಿ ಅದರ ಮೇಲೆ ಒಂದು ರೂಪಾಯಿ ಕೇಳಿದರೂ, ನಾನಾದರೆ ಎದ್ದು ಬರ್ತೀನಿ.