ಲೈಸೆನ್ಸ್ ಬೇಡ, ಸಿಗ್ನಲ್ ಬೇಕು

ಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಲಾಲ್‌ಬಾಗ್‌ಗೆ ಹೋಗುತ್ತೇನೆ. ಯೂ ಟರ್ನ್ ದೂರ ಅಂತ ಸ್ವಲ್ಪ ರಾಂಗ್ ಸೈಡಿನಲ್ಲಿ ಹೋಗುವುದುಂಟು. ಸೈಕಲ್ಲಿಗೆ ಲೈಸೆನ್ಸೂ ಇಲ್ಲ, ಇನ್ಶೂರೆನ್ಸೂ ಇಲ್ಲ, ಪೊಲೀಸರೂ ಹಿಡಿಯಲ್ಲ. ಹಾಗಿದ್ದ ಮೇಲೆ ನಮಗೂ ರೂಲ್ಸ್ ಇವೆಯಾ? ಮಗಳಿಗೆ ಬ್ಯಾಟರಿ ಸೈಕಲ್ ಕೊಡಿಸಬಹುದಾ?"

ಸಂಪಾದಕರ ಉತ್ತರ:

ಸಾರ್, ನಿಮ್ಮ ಮಾತು ಅರ್ಧ ಸರಿ. 1988ರ ಮೋಟಾರು ವಾಹನ ಕಾಯ್ದೆ ಹೆಸರಿಗೆ ತಕ್ಕ ಹಾಗೆ ಮೋಟಾರು ಗಾಡಿಗಳದ್ದು. ತುಳಿಯುವ ಸೈಕಲ್ಲಿಗೆ ಅದರಲ್ಲಿ ಲೈಸೆನ್ಸ್, ನಂಬರ್ ಪ್ಲೇಟು, ಇನ್ಶೂರೆನ್ಸ್ ಯಾವುದೂ ಬೇಡ. ಹೆಲ್ಮೆಟ್ಟೂ ಅಲ್ಲಿ ಬೈಕಿನವರಿಗಷ್ಟೇ ಕಡ್ಡಾಯ. (ನೀವು ಹಾಕಿಕೊಳ್ಳಿ, ಅದು ಬೇರೆ ಮಾತು.)

ಆದರೆ ಅಪರಾಧಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಡ್ಡಾದಿಡ್ಡಿ ಓಡಿಸುವವರಿಗೆ ಅಂತಲೇ ಇರುವ 281ನೇ ಸೆಕ್ಷನ್ ನೋಡಿ, ಹಳೇ ಐಪಿಸಿಯ 279. ಅದರಲ್ಲಿ ಇರುವುದು "ಯಾವುದೇ ವಾಹನ" ಅಂತ, ಮೋಟಾರಿನ ಮಾತೇ ಇಲ್ಲ. ನೀವು ಸಿಗ್ನಲ್ ಹಾರಿಸಿ, ರಸ್ತೆ ದಾಟುತ್ತಿದ್ದ ಅಜ್ಜನಿಗೆ ಗುದ್ದಿದಿರಿ ಅನ್ನಿ, 6 ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇನ್ನು ಕಾರೇ ನಿಮಗೆ ಗುದ್ದಿತು ಅಂದುಕೊಳ್ಳಿ. ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು, ಆದರೆ ರಾಂಗ್ ಸೈಡಿನಲ್ಲಿ ಬಂದಿದ್ದು ನೀವೇ ಅಂತಾದರೆ ನಿಮ್ಮ ತಪ್ಪಿನ ಪಾಲನ್ನು ಮುರಿದುಕೊಂಡು ಉಳಿದಿದ್ದನ್ನು ಕೊಡುತ್ತಾರೆ.

ರಾಂಗ್ ಸೈಡು ಯಾಕೆ ಕೆಟ್ಟದ್ದು ಅಂತ ನನಗೆ ಗೊತ್ತಾಗಿದ್ದು ಕಾಯ್ದೆ ಓದಿ ಅಲ್ಲ. ಕ್ರಾಸಿನಿಂದ ಮೇನ್ ರೋಡಿಗೆ ಬಂದು ಎಡಕ್ಕೆ ತಿರುಗುವವರು ನೋಡುವುದು ಬಲಗಡೆಗೆ, ಯಾಕೆಂದರೆ ಗಾಡಿಗಳು ಬರುವುದು ಆ ಕಡೆಯಿಂದಲೇ. ಕಳೆದ ಮಳೆಗಾಲದಲ್ಲಿ ನಾನು ಇಡ್ಲಿ ಪಾರ್ಸೆಲ್ಲು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು, ಬರೀ ನಾಲ್ಕು ಅಂಗಡಿ ದೂರ ಅಲ್ವಾ ಅಂತ ಅವರ ಎಡಗಡೆಯಿಂದ ಬಂದೆ. ಕಾರಿನ ಬಾನೆಟ್ಟು ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಸಾಂಬಾರೆಲ್ಲ ಪ್ಯಾಂಟಿನ ಮೇಲೆ. ಡ್ರೈವರ್ ಸುಮ್ನೆ ಕೂತಿದ್ದ, ಹಿಂದಿನ ಸೀಟಿನ ಅಜ್ಜಿ ಮಾತ್ರ ಗಾಜು ಇಳಿಸಿ ಚೆನ್ನಾಗಿ ಬೈದರು. ಬೈಸಿಕೊಳ್ಳುವಂಥದ್ದೇ ಮಾಡಿದ್ದೆ ಬಿಡಿ.

ಯೂ ಟರ್ನ್ ದೂರ ಇದ್ದರೆ ಇಳಿದು ಫುಟ್‌ಪಾತಿನ ಮೇಲೆ ತಳ್ಳಿಕೊಂಡು ಹೋಗಿ, ಎರಡು ನಿಮಿಷ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಿ. ಎಡಕ್ಕೆ ತಿರುಗುವ ಬಸ್ಸಿನ ಎಡಗಡೆ ಮಾತ್ರ ದಯವಿಟ್ಟು ತೂರಬೇಡಿ. ಸೈಕಲ್ಲಿಗೆ ಬೇರೆ ಲೇನ್ ಕೊಡಿ ಅಂತ ನಾವೂ ಕೇಳುತ್ತಲೇ ಇದ್ದೇವೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಒಂದು ಮಾಡಿದರು, ಅದರಲ್ಲಿ ಬೈಕುಗಳೇ ಓಡಾಡಿದವು.

ಮಗಳ ಬ್ಯಾಟರಿ ಸೈಕಲ್ ವಿಷಯ. ಮೋಟಾರು 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದು, ವಾಹನ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದರೆ ಅದಕ್ಕೂ ಲೈಸೆನ್ಸ್ ಬೇಡ. ಒಪ್ಪಿಗೆ ಪತ್ರದ ಪ್ರತಿ ಕೇಳಿ ಇಸ್ಕೊಳ್ಳಿ. ಅಂಗಡಿಯವರು "ಸ್ಪೀಡ್ ಲಾಕ್ ತೆಗೆದುಕೊಡ್ತೀವಿ ಸಾರ್, 40 ಹೋಗುತ್ತೆ" ಅಂದರೆ ಬೇಡ ಅನ್ನಿ. ಲಾಕ್ ತೆಗೆದರೆ ಅದು ಮೋಟಾರು ಗಾಡಿ, ಲೈಸೆನ್ಸಿನಿಂದ ಹಿಡಿದು ಎಲ್ಲವೂ ಬೇಕಾಗುತ್ತದೆ.