ಬ್ಯಾಂಕಿಂಗ್ ನೀತಿಯ ಅರ್ಥಶಾಸ್ತ್ರಜ್ಞರ ವೃತ್ತಿ ಹೇಗಿರುತ್ತದೆ?

ಎಂ. ನರಸಿಂಹಂ ಅವರ ಬದುಕು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1950ರಲ್ಲಿ ಅವರು ರಿಸರ್ವ್ ಬ್ಯಾಂಕಿನ ಆರ್ಥಿಕ ವಿಭಾಗಕ್ಕೆ ಸಂಶೋಧನಾ ಅಧಿಕಾರಿಯಾಗಿ ಸೇರಿದರು. ಅಲ್ಲಿಂದಲೇ ಬೆಳೆದು 1977ರಲ್ಲಿ ಗವರ್ನರ್ ಆದರು. ಆ ಕುರ್ಚಿಯಲ್ಲಿ ಇದ್ದದ್ದು ಬರೀ ಏಳು ತಿಂಗಳು. ಆಮೇಲೆ ವಿಶ್ವಬ್ಯಾಂಕ್, ಐಎಂಎಫ್, ಹಣಕಾಸು ಸಚಿವಾಲಯ ಎಲ್ಲ ಕಡೆ ದುಡಿದರು.

ಆದರೆ ನನ್ನ ಪ್ರಕಾರ ಅವರ ದೊಡ್ಡ ಕೆಲಸ ನಡೆದದ್ದು ಸಮಿತಿಗಳಲ್ಲಿ. ನಮ್ಮ ಹಳ್ಳಿಗಳ ಗ್ರಾಮೀಣ ಬ್ಯಾಂಕುಗಳು ಇವೆ ಅಲ್ವಾ? ಅವು 1975ರಲ್ಲಿ ಹುಟ್ಟಿದ್ದು ಅವರ ತಂಡದ ಸಲಹೆಯಿಂದ. ಬ್ಯಾಂಕಿಂಗ್ ಸುಧಾರಣೆಗೆ ಅವರ ಸಮಿತಿ ಕೊಟ್ಟ 1991ರ ವರದಿ ಇನ್ನೂ ಮುಖ್ಯ. ಆಗ ಬ್ಯಾಂಕಿಗೆ 100 ರೂಪಾಯಿ ಠೇವಣಿ ಬಂದರೆ 38.5 ರೂಪಾಯಿ ಎಸ್‌ಎಲ್‌ಆರ್ (ಠೇವಣಿಯಲ್ಲಿ ಇಷ್ಟು ಪಾಲನ್ನು ಸುರಕ್ಷಿತ ಆಸ್ತಿಗಳಲ್ಲಿ ಇಡಲೇಬೇಕೆಂಬ ನಿಯಮ) ಲೆಕ್ಕದಲ್ಲಿ ಹೆಚ್ಚಾಗಿ ಸರ್ಕಾರಿ ಬಾಂಡ್‌ಗಳಿಗೇ ಹೋಗುತ್ತಿತ್ತು. ಇನ್ನೂ 15 ರೂಪಾಯಿ ಸಿಆರ್‌ಆರ್ (ಕಡ್ಡಾಯ ನಗದು ಮೀಸಲು) ಎಂದು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಿತ್ತು. ರೈತರಿಗೆ, ವ್ಯಾಪಾರಿಗಳಿಗೆ ಸಾಲ ಕೊಡಲು ಅರ್ಧವೂ ಉಳಿಯುತ್ತಿರಲಿಲ್ಲ! ಎಸ್‌ಎಲ್‌ಆರ್ ಅನ್ನು 25ಕ್ಕೆ ಇಳಿಸಿ ಎಂದು ವರದಿ ಹೇಳಿತು. ಮುಂದೆ ಅದು ಹಂತಹಂತವಾಗಿ ಇಳಿಯಿತು.

ಈ ದಾರಿಗೆ ಬರುವವರು ಅರ್ಥಶಾಸ್ತ್ರದ ಎಂ.ಎ. ಮಾಡಿ, ರಿಸರ್ವ್ ಬ್ಯಾಂಕಿನ ಡಿಇಪಿಆರ್ (ಆರ್ಥಿಕ ಮತ್ತು ನೀತಿ ಸಂಶೋಧನಾ ವಿಭಾಗ) ಗ್ರೇಡ್ ಬಿ ಅಧಿಕಾರಿ ಪರೀಕ್ಷೆ ಬರೆಯಬಹುದು. ಸುಮ್ನೆ ಸಿದ್ಧಾಂತ ಓದಿದರೆ ಸಾಲದು, ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಓದುವುದನ್ನೂ ಈಗಿನಿಂದಲೇ ಕಲಿಯಿರಿ.